ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದವನು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡವಳು ನಾನು. ಬಿಗಿಯಾದ ಬಳೆಯನ್ನು 'ನಿಮ್ಮ ಕೈಗೇ ಹೇಳಿ ಮಾಡಿಸಿದ ಹಾಗಿದೆ' ಎಂದು ಸುಳ್ಳು ಹೇಳಿ ತೊಡಿಸಿದ್ದುಂಟು. ದೆವ್ವ ಗಿವ್ವ ಎಂದು ಕತೆ ಹೇಳಲು ಬಂದವರನ್ನು ಬೈದು ಅಂಗಡಿಯ ಮೆಟ್ಟಿಲು ಇಳಿಸಿದ್ದೂ ಉಂಟು. ಆದರೆ ಈಗ ಹೇಳುತ್ತಿರುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಬಿಕೆ ಇಲ್ಲದಿದ್ದರೆ ಡ್ರೈವರ್ ಬಸಣ್ಣನನ್ನು ಕೇಳಿ ನೋಡಿ. ಅವನು ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಎದ್ದು ಹೋಗುತ್ತಾನೆ.

ನನ್ನ ತಮ್ಮ ಖಾಜಾ ಕ್ರೂಸ್ ಹಡಗಿನಲ್ಲಿ ಅಡುಗೆಯವನು. ಜನ ಸಮುದ್ರ ನೋಡುತ್ತಾ ತಿಂದು ಕುಣಿಯುವ ದೊಡ್ಡ ಹಡಗು ಅದು. ಇವನು ನೋಡುವುದು ಮಾತ್ರ ಬರೀ ಈರುಳ್ಳಿ. ಎರಡು ವರ್ಷದ ಹಿಂದೆ ಮನೆ ಬಿಟ್ಟು ಹೊರಟಾಗ ಅವನಿಗೆ ಒಳ್ಳೇ ದಪ್ಪ ಮೀಸೆ ಇತ್ತು. ನಮ್ಮ ತಾಯಿ, ಅಮ್ಮಿ, ಅವನ ಅಂಗಿಗೆ ಲೋಬಾನದ ಹೊಗೆ ಹಿಡಿದು, ಹಣೆಗೆ ಮುತ್ತಿಟ್ಟು ಕಳಿಸಿದ್ದಳು. ಹಡಗಿನ ಅಡುಗೆಮನೆಯಲ್ಲಿ ಮೀಸೆ ಇರಬಾರದಂತೆ, ಹೋದ ದಿನವೇ ಬೋಳಿಸಿದ್ದ.

ಅವನು ವಿಡಿಯೋ ಕಾಲ್ ಮಾಡಿದರೆ ಅಮ್ಮಿ ಫೋನನ್ನು ಆಚೆ ತಳ್ಳುತ್ತಿದ್ದಳು. ಯಾವನೋ ಇವ, ನನ್ನ ಖಾಜಾಗೆ ಮೀಸೆ ಇದೆ, ಎಂದು ಹಟ ಹಿಡಿಯುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆಗ ನಗು ಬಂದಿತ್ತು.

ಅಮ್ಮಿ ಇದ್ದದ್ದು ಸಿರುಗುಪ್ಪದಲ್ಲಿ, ನಮ್ಮ ಅಕ್ಕ ರಜಿಯಾಳ ಮನೆಯಲ್ಲಿ. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ್ದರು. ನಮ್ಮಲ್ಲಿ ಕಡೆಗಾಲಕ್ಕೆ ಮಕ್ಕಳು ಜಮ್‌ಜಮ್ ನೀರನ್ನು ಚಮಚದಲ್ಲಿ ಬಾಯಿಗೆ ಹಾಕುತ್ತಾರೆ. ಮಕ್ಕದಿಂದ ತಂದ ಪವಿತ್ರ ನೀರು ಅದು. ರಜಿಯಾ ಚಮಚ ಹಿಡಿದರೆ ಅಮ್ಮಿ ತುಟಿ ಬಿಗಿ ಹಿಡಿದಳು. ನಾನು ಹಿಡಿದೆ, ಮುಖ ತಿರುವಿದಳು.

"ಖಾಜಾ ಬರ್ಲಿ," ಅಂದಳು.

ಅಷ್ಟೇ. ಸಾದಾ ನೀರೂ ಬೇಡ, ಹಾಲೂ ಬೇಡ. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಹೆತ್ತ ತಾಯಿ ಹೀಗೆ ಗಂಟಲೊಣಗಿ ಹೋಗುವುದನ್ನು ನೋಡುತ್ತಾ ಕೂರುವುದು ಹೇಗೆ? ಖಾಜಾನನ್ನು ಹೇಗಾದರೂ ಮಾಡಿ ಅವಳ ಉಸಿರು ಇರುವಾಗಲೇ ತಂದು ನಿಲ್ಲಿಸಬೇಕು, ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಹಡಗು ಶುಕ್ರವಾರ ಬೆಳಿಗ್ಗೆ ಗೋವಾ ಬಂದರಿಗೆ ಬರುವುದಿತ್ತು. ಅಲ್ಲಿ ಇಳಿಯಲು ಅವನಿಗೆ ರಜೆ ಸಿಕ್ಕಿತ್ತು. ಮುಂದಿನ ದಾರಿ ಗೊತ್ತು ಮಾಡುವ ಕೆಲಸ ನನ್ನದು. ಅವತ್ತು ಹೊಂದುವ ರೈಲಿರಲಿಲ್ಲ, ಬಸ್ಸು ನಂಬಿದರೆ ಮರುದಿನದ ಮಾತು. ಹಾಗಾಗಿ ಬಾಡಿಗೆ ಗಾಡಿಯೇ ಗತಿ. ನಮ್ಮ ಓಣಿಯ ಬಸಣ್ಣನಿಗೆ ಹೇಳಿದೆ.

ಈ ಬಾಡಿಗೆ ಗಾಡಿಯವರಲ್ಲಿ ಒಂದು ರೂಢಿ ಇದೆ. ಗೋವಾದ ಗಾಡಿ ಬಳ್ಳಾರಿ ತನಕ ಬಂದರೆ ಖಾಲಿ ವಾಪಸ್ ಹೋಗಬೇಕು. ಅದಕ್ಕೆ ಅರ್ಧ ದಾರಿಯಲ್ಲಿ, ಹುಬ್ಬಳ್ಳಿಯ ಹೊರಗೆ ಒಂದು ಹೋಟೆಲಿನ ಮುಂದೆ, ಈ ಗಾಡಿಯಲ್ಲಿ ಬಂದವರನ್ನು ಆ ಗಾಡಿಗೆ ದಾಟಿಸುತ್ತಾರೆ. ಹೆಸರು ಗಿಸರು ಕೇಳುವುದಿಲ್ಲ. ಯಾವ ಊರಿಗೆ ಎಂದು ಕೇಳುತ್ತಾರೆ, ಹೊಂದಿದರೆ ಹತ್ತಿಸಿಕೊಂಡು ಬರುತ್ತಾರೆ. ಬಸಣ್ಣ ಅವತ್ತು ಯಾರನ್ನೋ ಹುಬ್ಬಳ್ಳಿಗೆ ಬಿಡುವವನಿದ್ದ. ಗೋವಾದ ಡ್ರೈವರನ ಜೊತೆ ಅವನೇ ಮಾತಾಡಿಕೊಂಡ.

ಶುಕ್ರವಾರ ನಾನು ಬಳ್ಳಾರಿಗೆ ಬಂದು, ಬ್ರೂಸ್‌ಪೇಟೆಯ ಹಾಜಿಯೊಬ್ಬರ ಮನೆಯಿಂದ ಇನ್ನೊಂದು ಶೀಶೆ ಜಮ್‌ಜಮ್ ನೀರು ತಂದಿಟ್ಟುಕೊಂಡು ಕಾಯುತ್ತಿದ್ದೆ. ಖಾಜಾನ ಫೋನ್ ಹತ್ತುತ್ತಿರಲಿಲ್ಲ. ಹಡಗಿನಲ್ಲಿ ಅದು ಯಾವಾಗಲೂ ಹಾಗೇ. ಸಂಜೆ ಬಸಣ್ಣ ಫೋನ್ ಮಾಡಿದ.

"ಅಕ್ಕಾರ, ನಿಮ್ಮ ತಮ್ಮ ಹತ್ಯಾನ್ರಿ. ಕುಡತಿನಿ ದಾಟೀವಿ. ಹಿಂದ ಮಲಗ್ಯಾನ."

ಅಬ್ಬಾ ಎಂದು ನೆಲಕ್ಕೆ ಕೂತುಬಿಟ್ಟೆ.

ಗಾಡಿ ಅಂಗಡಿ ಮುಂದೆ ನಿಂತಾಗ ಕತ್ತಲಾಗಿತ್ತು. ಖಾಜಾ ಹಿಂದಿನ ಸೀಟಿನಲ್ಲಿ ಕಿಟಕಿಗೆ ಒರಗಿ, ತಲೆಯ ಮೇಲೆ ಟವೆಲ್ ಹೊದ್ದು ಕೂತಿದ್ದ. ಎರಡು ವರ್ಷವಾದ ಮೇಲೆ ಬಂದವನು ಇಳಿದು ಸಲಾಂ ಕೂಡ ಹೇಳಲಿಲ್ಲ ಎಂದು ಸಿಟ್ಟೇ ಬಂತು. ಆದರೆ ದುಃಖದಲ್ಲಿದ್ದಾನೆ ಪಾಪ, ಎಂದುಕೊಂಡು ಮುಂದಿನ ಸೀಟಿನಲ್ಲಿ ಕೂತೆ.

ಗಾಡಿಯ ತುಂಬಾ ಲೋಬಾನದ ವಾಸನೆ... ಬಸಣ್ಣ ಊದಿನಕಡ್ಡಿ ಹಚ್ಚಿರಬೇಕು ಎಂದು ನಾನು ಅಂದುಕೊಂಡೆ. ಖಾಜಾನ ಬಟ್ಟೆಯ ವಾಸನೆ ಎಂದು ಅವನು ಅಂದುಕೊಂಡಿದ್ದನಂತೆ. ಇಬ್ಬರೂ ಬಾಯಿ ಬಿಟ್ಟು ಕೇಳಲಿಲ್ಲ.

ದೊಡ್ಡ ರಸ್ತೆಯನ್ನು ಎಲ್ಲೋ ಅಗೆದಿದ್ದಾರೆಂದು ಬಸಣ್ಣ ಕುರುಗೋಡಿನ ಮೇಲೆ ಹೊರಟ. ಎರಡೂ ಕಡೆ ನೀರು ನಿಂತ ಗದ್ದೆ. ಕಪ್ಪೆಗಳ ಸದ್ದು ಕಿವಿಗೆ ಬಡಿಯುತ್ತಿತ್ತು. ಒಮ್ಮೆಲೇ ಹಿಂದಿನಿಂದ ಮಾತು ಬಂತು.

"ಅಮ್ಮಿ ಎದ್ದಾಳೇನು?"

ಖಾಜಾನದೇ ದನಿ. ಎದ್ದಿದ್ದಾಳೆ, ನಿನ್ನ ದಾರಿಯನ್ನೇ ಕಾಯುತ್ತಿದ್ದಾಳೆ, ಎಂದೆ. ನೀರು ಬಿಟ್ಟಿದ್ದು, ಹಟ ಹಿಡಿದಿದ್ದು ಎಲ್ಲ ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, ಅದೇ ದನಿಯಲ್ಲಿ... "ಅಮ್ಮಿ ಎದ್ದಾಳೇನು?"

ಕುರುಗೋಡಿನಲ್ಲಿ ಬಸಣ್ಣ ಚಹಾಕ್ಕೆ ನಿಲ್ಲಿಸಿದ. ಖಾಜಾ ಇಳಿಯಲಿಲ್ಲ. ನಾನೇ ಕಿಟಕಿಯಿಂದ ಕಪ್ಪು ಕೊಟ್ಟೆ, ಕೈ ಚಾಚಿ ತೆಗೆದುಕೊಂಡ. ಬೆರಳು ತಾಗಿತು, ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು. ನಾನು ನನ್ನ ಚಹಾ ಎರಡು ಗುಟುಕು ಕುಡಿಯುವಷ್ಟರಲ್ಲಿ ಅವನ ಕಪ್ಪು ವಾಪಸ್ ಬಂತು. ತುಂಬಿದ್ದು ತುಂಬಿದ ಹಾಗೇ ಇತ್ತು, ಚಹಾ ಮಾತ್ರ ಐಸಾಗಿತ್ತು. ನನ್ನ ಕೈಯಲ್ಲಿದ್ದ ಕಪ್ಪಿನಿಂದ ಇನ್ನೂ ಹಬೆ ಏಳುತ್ತಿತ್ತು.

ಅಮ್ಮಿಯ ಯೋಚನೆಯಲ್ಲಿ ತಲೆ ಕೆಟ್ಟಿದೆ ಎಂದು ನನ್ನನ್ನೇ ಬೈದುಕೊಂಡೆ.

ತೆಕ್ಕಲಕೋಟೆ ದಾಟಿದ ಮೇಲೆ ಅವನು ಮತ್ತೆ ಮಾತಾಡಿದ. ಈ ಸಲ ದನಿ ನನ್ನ ಕಿವಿಯ ಹಿಂದೆಯೇ ಬಂತು.

"ನನ್ನ ಗುರುತು ಹಿಡೀತಾಳಲ್ಲ, ಆಪಾ?"

ನನಗೆ ಅಳು ಬಂತು. ಹಿಡೀತಾಳೆ ಬಾ, ತಾಯಿಗೆ ಗುರುತು ಸಿಗದೆ ಇರುತ್ತದೇನು, ಎಂದೆ.

ಸಿರುಗುಪ್ಪ ಬಂತು. ಅಕ್ಕಿ ಗಿರಣಿಗಳ ಕಡೆಯಿಂದ ಭತ್ತ ಬೇಯಿಸುವ ವಾಸನೆ ಬಂದರೂ ಗಾಡಿಯೊಳಗಿನ ಲೋಬಾನದ ವಾಸನೆ ಕಡಿಮೆಯಾಗಲಿಲ್ಲ. ಬಸಣ್ಣ ರಜಿಯಾಳ ಮನೆಯ ಬಾಗಿಲಿಗೇ ಗಾಡಿ ತಾಗಿಸಿ ನಿಲ್ಲಿಸಿದ. ಆ ಮನೆಗೆ ಇರುವುದೇ ಒಂದು ಬಾಗಿಲು, ಹಿತ್ತಿಲಿಲ್ಲ. ಖಾಜಾ ಇಳಿದು ನನಗಿಂತ ಮೊದಲೇ ಒಳಗೆ ನಡೆದ. ಅಮ್ಮಿಯ ಮಂಚದ ಸುತ್ತ ಇದ್ದ ಹೆಂಗಸರು ಸರಿದು ಜಾಗ ಬಿಟ್ಟರು. ನಾನು ಶೀಶೆ ತೆರೆದು, ಚಮಚಕ್ಕೆ ನೀರು ಹಾಕಿ ಅವನ ಕೈಗೆ ಕೊಟ್ಟೆ.

ಟವೆಲ್ ಜಾರಿತು. ಲೈಟಿನ ಬೆಳಕಿನಲ್ಲಿ ಅವನ ಮುಖ ನೋಡಿದೆ. ನನ್ನ ತಮ್ಮನೇ. ಸೊರಗಿದ ಕೆನ್ನೆ, ದಪ್ಪ ಮೀಸೆ.

ಅಮ್ಮಿ ಕಣ್ಣು ಬಿಟ್ಟಳು. ಮೂರು ದಿನದಿಂದ ಏಳದ ಕೈ ಎದ್ದಿತು. ಆ ಮೀಸೆಯನ್ನು ಬೆರಳಿಂದ ಸವರಿದಳು.

"ಬಂದ್ಯಾ ಬಾಬಾ," ಅಂದಳು.

ಅವನು ನೀರು ಹಾಕಿದ. ಅಮ್ಮಿ ಚಪ್ಪರಿಸಿ ಕುಡಿದಳು. ಮತ್ತೆ ಹಾಕಿದ, ಕುಡಿದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಹಾಗೇ ಕಣ್ಣು ಮುಚ್ಚಿದಳು... ಮುಗಿಯಿತು.

ರಜಿಯಾ ಅಮ್ಮಿಯ ಮೇಲೆ ಬಿದ್ದು ಅಳುತ್ತಿದ್ದಳು. ನಾನೂ ಅತ್ತೆ. ಆ ಅಳುವಿನ ನಡುವೆ ನನ್ನ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಯಾರೋ ನೆಂಟರಿರಬೇಕು ಎಂದು ಎತ್ತಿದೆ.

"ಆಪಾ, ನಾನು ಖಾಜಾ. ಗಾಡಿಯವನ ಫೋನಿಂದ ಮಾಡಾಕತ್ತೀನಿ. ಬೆಳಗಿನಿಂದ ಹಡಗು ಬಂದರಿನ ಹೊರಗ ನಿಂತಿತ್ತು, ಒಳಗ ಬಿಡಲಿಲ್ಲ. ಈಗ ಇಳ್ದೀನಿ. ಅಮ್ಮಿ ಎದ್ದಾಳೇನು?"

ಮಂಚದ ಕಡೆ ತಿರುಗಿದೆ. ಚಮಚ ಅಮ್ಮಿಯ ದಿಂಬಿನ ಪಕ್ಕದಲ್ಲಿತ್ತು. ಅದನ್ನು ಹಿಡಿದಿದ್ದವನು ಇರಲಿಲ್ಲ.

ಹೊರಗೆ ಓಡಿದೆ. ಬಸಣ್ಣ ಬಾಗಿಲಿಗೆ ಎದುರಾಗಿ, ಗಾಡಿಯ ಬಾನೆಟ್ಟಿಗೆ ಒರಗಿ ನಿಂತಿದ್ದ. ಖಾಜಾ ಎಲ್ಲಿ ಎಂದೆ.

"ಒಳಗ ಹೋದಾವ ಹೊರಗ ಬಂದಿಲ್ರಿ ಅಕ್ಕಾರ," ಎಂದ. "ನಾ ಇಲ್ಲೇ ಅದೀನಿ."

ನಾನು ಫೋನನ್ನು ಸುಮ್ಮನೆ ಅವನ ಕಿವಿಗೆ ಹಿಡಿದೆ. ಆ ಕಡೆ ಖಾಜಾ ಹಲೋ ಹಲೋ ಎನ್ನುತ್ತಿದ್ದ. ಬಸಣ್ಣನ ಮುಖದ ಬಣ್ಣ ಇಳಿಯುವುದನ್ನು ಕಣ್ಣಾರೆ ಕಂಡೆ. ಅವನು ಡಿಕ್ಕಿ ತೆಗೆದು ನೋಡಿದ. ಹಡಗಿನಿಂದ ಬರುವವನ ಹತ್ತಿರ ಎಷ್ಟು ಸಾಮಾನು ಇರಬೇಕು... ಒಂದು ಚೀಲವೂ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಏನಾಯಿತೆಂದು ಆಮೇಲೆ ಬಸಣ್ಣನ ಬಾಯಿ ಬಿಡಿಸಿದೆ. ಗೋವಾ ನಂಬರಿನ ಯಾವುದೋ ಗಾಡಿ ಹೋಟೆಲಿನ ಮುಂದೆ ನಿಂತಿತ್ತಂತೆ. ಪಕ್ಕದಲ್ಲಿ ಈ ಮೀಸೆಯವನು ನಿಂತಿದ್ದ. ಸಿರುಗುಪ್ಪಕ್ಕೇನು ಎಂದು ಬಸಣ್ಣ ಕೇಳಿದ, ಇವನು ತಲೆ ಆಡಿಸಿ ಹತ್ತಿ ಕೂತ. ಆ ಗಾಡಿಯ ಡ್ರೈವರನನ್ನು ಬಸಣ್ಣ ಮಾತಾಡಿಸಲೇ ಇಲ್ಲ, ರೂಢಿಯಂತೆ. ನಿಜವಾಗಿ ಗೊತ್ತು ಮಾಡಿದ್ದ ಗೋವಾದ ಡ್ರೈವರ್ ಇಡೀ ದಿನ ಬಂದರಿನ ಗೇಟಿನಲ್ಲೇ ಕಾದಿದ್ದ. ಹಡಗು ತಡ ಎಂದು ಬಸಣ್ಣನಿಗೆ ಮೇಲಿಂದ ಮೇಲೆ ಫೋನ್ ಮಾಡಿದ್ದನಂತೆ. ಬಸಣ್ಣನ ಫೋನಿಗೆ ಒಂದು ಕರೆಯೂ ಬಂದಿಲ್ಲ. ನಾನೇ ಹುಡುಕಿ ನೋಡಿದ್ದೇನೆ.

ಮರುದಿನ ಮಧ್ಯಾಹ್ನ ಖಾಜಾ ಬಂದ. ಅವನಿಗಾಗಿಯೇ ಮಣ್ಣು ಮಾಡುವುದನ್ನು ತಡ ಮಾಡಿದ್ದೆವು. ಹಡಗಿನ ಊಟಕ್ಕೆ ಮೈ ತುಂಬಿಕೊಂಡಿದ್ದ. ಬೋಳು ಮುಖ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ರಾತ್ರಿಯೇ ಬಂದಿದ್ದನಲ್ಲ ಎಂದು ಯಾರೋ ಪಿಸುಗುಟ್ಟಿದರು.

ಅವನು ಯಾವುದನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಮ್ಮಿಯ ಪಾದ ಹಿಡಿದು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ಕಡೆಯ ನೀರು ಯಾರು ಹಾಕಿದಿರಿ ಎಂದು ಕೇಳಿದ. ರಜಿಯಾ ಬಾಯಿ ತೆರೆದಳು. ನಾನು ಅವಳ ಕೈ ಗಟ್ಟಿಯಾಗಿ ಹಿಡಿದೆ.

"ನಾನ ಹಾಕಿದೆ," ಎಂದೆ. "ನಿನ್ನ ಹೆಸರು ಹೇಳಿ ಹಾಕಿದೆ. ಕುಡದ್ಲು."

ಅವನು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಅಮ್ಮಿ ನೆಮ್ಮದಿಯಿಂದ ಹೋದಳು, ಅದಂತೂ ನಿಜ. ಅವಳ ಮನಸ್ಸಿನಲ್ಲಿದ್ದ ಮಗನೇ ಬಂದು ನೀರು ಕೊಟ್ಟ ಎಂದು ಹಗಲಲ್ಲಿ ಸಮಾಧಾನ ಮಾಡಿಕೊಳ್ಳುತ್ತೇನೆ. ರಾತ್ರಿ ಮಾತ್ರ ಬೇರೆ ಯೋಚನೆ ಬರುತ್ತದೆ. ಅದು ಯಾರು? ಬಾಡಿಗೆ ಗಾಡಿ ಮಾಡಿ, ಬಾಗಿಲ ತನಕ ತಂದು, ಕೈಗೆ ಚಮಚ ಕೊಟ್ಟವಳು ನಾನೇ ಅಲ್ಲವೇ? ಅದು ಆ ಮನೆಯಿಂದ ಹೊರಗೆ ಬಂದಿದ್ದನ್ನು ಕಂಡವರಿಲ್ಲ. ನಾನೀಗ ರಜಿಯಾಳ ಮನೆಗೆ ಹೋದರೆ ಕತ್ತಲಾಗುವ ಮೊದಲೇ ಬಸ್ಸು ಹಿಡಿದು ಬಳ್ಳಾರಿ ಸೇರುತ್ತೇನೆ.

ಆಮೇಲೆ ಖಾಜಾ ಹಡಗಿಗೆ ವಾಪಸ್ ಹೋದ. ಮೊನ್ನೆ ಫೋನ್ ಮಾಡಿದ್ದ, ಮುಂದಿನ ವಾರ ಗೋವಾದಲ್ಲಿ ಇಳಿಯುತ್ತಾನಂತೆ. ಹಡಗಿನ ಕೆಲಸ ಸಾಕು, ಊರಲ್ಲೇ ಹೋಟೆಲ್ ಇಡುತ್ತೇನೆ ಎಂದ. ಬಸಣ್ಣನಿಗೆ ಹೇಳಿ ಗಾಡಿ ಗೊತ್ತು ಮಾಡು ಎಂದ. ವಿಡಿಯೋದಲ್ಲಿ ಮುಖ ತೋರಿಸು ಎಂದೆ. ಸಿಗ್ನಲ್ ಇಲ್ಲ ಎಂದು ನಕ್ಕ.

"ಈಗ ನೋಡಿದ್ರ ಅಮ್ಮಿ ಖುಷಿಪಡ್ತಿದ್ಲು ಆಪಾ," ಎಂದ. "ಮೀಸಿ ಬಿಟ್ಟೀನಿ."

ಬಸಣ್ಣನಿಗೆ ನಾನಿನ್ನೂ ಹೇಳಿಲ್ಲ.