ಒಬ್ಬಟ್ಟಿನ ವಾಸನೆಯ ಊದುಬತ್ತಿ

ಭದ್ರಾವತಿಯಲ್ಲಿ ರೈಲು ಇಳಿದಾಗ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ವಾಸನೆ. ಉಪ್ಪಿನಕಾಯಿ ಜಾಡಿಯನ್ನು ಉರಿಯುವ ಒಲೆಗೆ ಬಗ್ಗಿಸಿದಂತೆ ಹುಳಿಹುಳಿಯಾದ, ಗಂಟಲು ಕೆರೆಯುವ ಹೊಗೆ. ಸೆರಗಿನಿಂದ ಮೂಗು ಮುಚ್ಚಿಕೊಂಡೆ. "ಕಬ್ಬಿಣ ಕರಗಿಸೋಕೆ ಇದ್ದಿಲು ಬೇಕಲ್ಲ, ಅದಕ್ಕೆ ಕಾಡಿನ ಮರ ಸುಡ್ತಾರೆ. ನಾಲ್ಕು ದಿನಕ್ಕೆ ಅಭ್ಯಾಸ ಆಗತ್ತೆ ಬಾ" ಎಂದರು, ಆ ಕಾರ್ಖಾನೆಯಲ್ಲೇ ಕೆಲಸ ಹಿಡಿದಿದ್ದ ನಮ್ಮ ಯಜಮಾನರು.

ಅಭ್ಯಾಸವಾಗಲಿಲ್ಲ. ನಾನು ಮೈಸೂರಿನಲ್ಲಿ ಊದುಬತ್ತಿ ಮಾಡುವವರ ಮಗಳು. ಹೊಸ ಕಡ್ಡಿಯ ವಾಸನೆ ಹಿಡಿಸುತ್ತದೋ ಇಲ್ಲವೋ ಎಂದು ನೋಡಲು ಅಪ್ಪ ನನ್ನನ್ನೇ ಕರೆಯುತ್ತಿದ್ದರು. ಅದಕ್ಕೆ ಮೊದಲು ಬೀದಿಗೆ ಅಟ್ಟುತ್ತಿದ್ದರು. "ನಮ್ಮ ಮನೆ ವಾಸನೆ ನಮ್ಮ ಮೂಗಿಗೆ ಹತ್ತೋದಿಲ್ಲ ಕಣೆ, ಹೊರಗೆ ಸುತ್ತಾಡ್ಕೊಂಡು ಬಾ" ಎನ್ನುತ್ತಿದ್ದರು. ಇಲ್ಲಿ ಬೀದಿಗೆ ಹೋದರೂ ಅದೇ ಹೊಗೆ, ಒಳಗೆ ಬಂದರೂ ಅದೇ ಹೊಗೆ. ಸಾರಿನಲ್ಲಿ ಹೊಗೆ, ಮಡಿಸಿಟ್ಟ ಸೀರೆಯಲ್ಲಿ ಹೊಗೆ, ತಲೆನೋವು ಬೇರೆ.

ನಮ್ಮದು ಲೈನ್ ಮನೆ. ಅಂದರೆ ಒಂದೇ ಉದ್ದನೆಯ ಹೆಂಚಿನ ಮಾಡಿನ ಕೆಳಗೆ ಸಾಲಾಗಿ ಸಂಸಾರಗಳು, ನಡುವೆ ಆಳೆತ್ತರದ ಗೋಡೆ. ಪಕ್ಕದ ಮುನಿಯಮ್ಮ ಸೇಲಂ ಕಡೆಯವಳು. ಅವಳಿಂದ ನಾನು ಕಲಿತ ಮೊದಲ ತಮಿಳು ಮಾತು 'ಪುಗೆ', ಎಂದರೆ ಹೊಗೆ. ಬೆಳಿಗ್ಗೆ ಎದ್ದು ಗೋಡೆಯ ಮೇಲಿಂದ ಒಬ್ಬರಿಗೊಬ್ಬರು "ಪುಗೆ" ಎಂದು ಹೇಳಿಕೊಂಡು ನಿಟ್ಟುಸಿರು ಬಿಡುತ್ತಿದ್ದೆವು. ಮೈಸೂರಿನಲ್ಲಿ ನೆರೆಯವರೊಡನೆ ಗಂಟೆಗಟ್ಟಲೆ ಹರಟುತ್ತಿದ್ದವಳಿಗೆ ಈಗ ಅಷ್ಟೇ ಮಾತು ಸಾಕು ಎನಿಸುತ್ತಿತ್ತು.

ಇಂಥದರಲ್ಲಿ ಶಿವಮೊಗ್ಗೆಯ ರುದ್ರಪ್ಪನವರು ಹೇಳಿ ಕಳುಹಿಸಿದರು. ಅಲ್ಲಿನ ಕೋಟೆ ಬೀದಿಯಲ್ಲಿ ಪೂಜಾ ಸಾಮಾನಿನ ಅಂಗಡಿ ಅವರದು, ಅಪ್ಪನ ಹಳೆಯ ಗಿರಾಕಿ. ವಾರದ ರಜೆಯಲ್ಲಿ ರೈಲು ಹತ್ತಿ ಹೋದೆವು. ಅವರ ಬೀದಿಯಲ್ಲಿ ಹೊಗೆಯಿಲ್ಲ. ಹೂವಿನ ಬುಟ್ಟಿಯ ಮಗ್ಗುಲಲ್ಲಿ ನಿಂತು ಸುಮ್ಮನೆ ಉಸಿರಾಡಿದೆ.

"ನೋಡಮ್ಮಾ, ಯುದ್ಧ ಬಂದು ಸಕ್ರೆ, ಬೆಲ್ಲ ಎರಡೂ ಕಣ್ಣಿಗೆ ಕಾಣ್ತಿಲ್ಲ. ಹಬ್ಬದಾಗೆ ಹೋಳಿಗೆ ಮಾಡೋರು ಯಾರು? ಮನೇಲಿ ವಾಸನೆಯಾದ್ರೂ ಬರಲಿ ಅಂತ ಇದನ್ನ ಮಾಡಿಸೀನಿ" ಎಂದು ರುದ್ರಪ್ಪನವರು ಒಂದು ಕಟ್ಟು ಊದುಬತ್ತಿ ಕೊಟ್ಟರು. ನಾವು ಒಬ್ಬಟ್ಟು ಎನ್ನುವುದಕ್ಕೆ ಇಲ್ಲಿ ಹೋಳಿಗೆ ಎನ್ನುತ್ತಾರೆ. "ಹಚ್ಚಿ ನೋಡಿ, ಹಿಡಿಸ್ತದೋ ಇಲ್ವೋ ಹೇಳು. ಹಿಡಿಸಿದ್ರೆ ಬತ್ತಿ ಹೊಸೆಯೋ ಕೆಲಸ ನಿನ್ನ ಕೈಲೇ ಮಾಡಿಸ್ತೀನಿ. ಮೇಲಿನ ಕೋಣೆ ಖಾಲಿ ಐತೆ, ಇಲ್ಲೇ ಬಂದು ಇರಿ. ನಿಮ್ಮನೆಯೋರು ರೈಲಲ್ಲಿ ಓಡಾಡಲಿ."

ಆ ಕೋಣೆಯ ಕಿಟಕಿಯನ್ನು ಕೆಳಗಿನಿಂದಲೇ ನೋಡಿದೆ. ಅಲ್ಲಿ ಒಣಗಿದ ಸೀರೆಗೆ ಬರೀ ಬಿಸಿಲಿನ ವಾಸನೆ ಇರುತ್ತದೆ ಎಂದುಕೊಂಡೆ. 'ಹಿಡಿಸಿತು' ಎಂಬ ಒಂದು ಮಾತು ಆಡಿದರೆ ಸಾಕಾಗಿತ್ತು.

ಮರುದಿನ ಸಂಜೆ ಮನೆಯಲ್ಲಿ ಒಂದು ಕಡ್ಡಿ ಹಚ್ಚಿದೆ. ಮೊದಲು ಏಲಕ್ಕಿ, ಹಿಂದೆಯೇ ಕಾಯಿಸಿದ ಬೆಲ್ಲ, ಆಮೇಲೆ ಹೆಂಚಿಗೆ ತಾಗಿ ಕೆಂಪಗಾದ ಕಣಕ. ಸುಳ್ಳೇಕೆ, ಅಷ್ಟು ಚೆನ್ನಾಗಿ ನಮ್ಮಪ್ಪನೂ ಮಾಡಿರಲಿಲ್ಲ. ಅಮ್ಮನ ಅಡುಗೆಮನೆಯೇ ಎದ್ದು ಬಂದಂತಾಗಿ ಕಣ್ಣು ತುಂಬಿತು. "ಅಕ್ಕಾ, ಏನು ಹಬ್ಬ? ನಂಗೂ ಒಂದು ಎತ್ತಿ ಇಡು" ಎಂದು ಮುನಿಯಮ್ಮ ತಾನು ಕಲಿತ ಅಷ್ಟಿಷ್ಟು ಕನ್ನಡದಲ್ಲಿ ಗೋಡೆಯಾಚೆಯಿಂದ ಕೂಗಿದಳು.

ಅಷ್ಟರಲ್ಲಿ ಯಜಮಾನರು ಕೆಲಸ ಮುಗಿಸಿ ಬಂದರು. ಬಾಗಿಲಲ್ಲೇ ನಿಂತು ಉಸಿರೆಳೆದುಕೊಂಡರು. ಕೈಕಾಲು ತೊಳೆದು, ಒಗೆದ ಪಂಚೆ ಉಟ್ಟು, ತಾವೇ ಮಣೆ ಹಾಕಿಕೊಂಡು ಕುಳಿತರು. ಮುಖದಲ್ಲಿ ನಗು. ಅವರು ನಕ್ಕು ಎಷ್ಟು ದಿನವಾಗಿತ್ತೋ. ನಾನು ಮುದ್ದೆ, ಹುರುಳಿ ಸಾರು ತಂದಿಟ್ಟೆ. ಅವರು ತಟ್ಟೆ ನೋಡಿದರು, ಒಲೆಯ ಕಡೆ ನೋಡಿದರು.

"ಒಬ್ಬಟ್ಟು ಆಮೇಲಾ?"

"ಅದು ಊದುಬತ್ತಿ" ಎಂದೆ.

"ಓಹೋ" ಎಂದು ತಲೆ ಬಗ್ಗಿಸಿ ಉಣ್ಣತೊಡಗಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ವಾರ ಕೋಟೆಗೆ ಹೋಗಿ ಕಟ್ಟನ್ನು ಹಿಂದಕ್ಕೆ ಕೊಟ್ಟೆ. ತಟ್ಟೆಯ ಮುಂದೆ ಕುಳಿತವರ ಮುಖವನ್ನು ವ್ಯಾಪಾರದವರಿಗೆ ಹೇಗೆ ವಿವರಿಸಲಿ? ದೇವರನ್ನು ಮುಂದೆ ಮಾಡಿದೆ. "ನೈವೇದ್ಯ ಆಗೋ ಮುಂಚೆ ಅಡುಗೇನ ನಾವು ಮೂಸೋ ಹಾಗಿಲ್ಲ. ಇದನ್ನ ದೇವರ ಮುಂದೆ ಹಚ್ಚಿದ್ರೆ ಒಬ್ಬಟ್ಟನ್ನ ಮೊದಲು ನಾವೇ ಮೂಸಿ, ಎಂಜಲು ಮಾಡಿ ಕೊಟ್ಟ ಹಾಗಾಗತ್ತೆ. ಯಾರೂ ಕೊಳ್ಳೋದಿಲ್ಲ."

"ಅಯ್ಯೋ, ಇದು ಬರೀ ವಾಸನೆ ಅಲ್ವೇನಮ್ಮಾ!" ಎಂದರು ರುದ್ರಪ್ಪನವರು.

ಒಳಗಿನಿಂದ ಅವರ ಹೆಂಡತಿ ಪಾರ್ವತಮ್ಮ ಬಂದರು. "ಆಯಮ್ಮ ಹೇಳೋದು ಖರೆ ಮಾರಾಯ್ರೆ. ಎಡೆ ಹಿಡಿಯೋಕೆ ಮುಂಚೆ ಹೂರಣ ಮೂಸಿದ್ರೆ ನಮ್ಮತ್ತೆ ಸೌಟಲ್ಲೇ ಬಡೀತಿದ್ರು. ನಾನಂತೂ ನಮ್ಮ ಲಿಂಗಯ್ಯನ ಮುಂದೆ ಇದನ್ನ ಹಚ್ಚಾಕಿಲ್ಲ." ಎಡೆ ಎಂದರೆ ನಮ್ಮ ನೈವೇದ್ಯವೇ, ಲಿಂಗಯ್ಯ ಎಂದರೆ ಅವರು ದಿನವೂ ಪೂಜಿಸುವ ಲಿಂಗ.

ಅಲ್ಲಿಗೆ ಮುಗಿಯಿತು. ಮೇಲಿನ ಕೋಣೆಗೆ ಅಡಿಕೆ ಮೂಟೆಗಳು ಬಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರೈಲಿನಲ್ಲಿ ಯಜಮಾನರು "ಹಿಡಿಸಿತು ಅಂದುಬಿಡಬಾರದಿತ್ತಾ?" ಎಂದು ಕೇಳಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಭದ್ರಾವತಿ ಹತ್ತಿರವಾದಂತೆ ಸೆರಗನ್ನು ಮೂಗಿಗೆ ಹಿಡಿಯಲೂ ಬೇಸರವಾಗಿತ್ತು.

ಅದಾಗಿ ಬಹಳ ದಿನಗಳ ಮೇಲೆ, ತಂಗಿಯ ಮದುವೆಗೆಂದು ಮೈಸೂರಿಗೆ ಹೋದೆ. ಹೊಸ್ತಿಲು ದಾಟುತ್ತಲೇ ಸಾಂಬ್ರಾಣಿ, ಗಂಧದ ಪುಡಿ, ಹಳೆಯ ಮರ ಎಲ್ಲ ಕೂಡಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಹುಟ್ಟಿ ಬೆಳೆದ ಮನೆಗೆ ಇಂಥದೊಂದು ವಾಸನೆ ಇದೆ ಎಂದು ನನಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ಅಪ್ಪನ ಮಾತು ನೆನಪಾಗಿ, ನೆಂಟಳಂತೆ ನಡುಮನೆಯಲ್ಲಿ ನಿಂತೆ.

ಅಮ್ಮ ನನ್ನ ಟ್ರಂಕು ಬಿಚ್ಚಿ ಮುಖ ಸಿಂಡರಿಸಿದಳು. "ಇದೇನೇ ಈ ಸೀರೆ, ಸುಟ್ಟ ಮರಕ್ಕೆ ಹುಳಿ ಹಿಂಡಿದ ಹಾಗೆ ನಾರ್ತಿದೆ! ಹೇಗೆ ಉಡ್ತೀಯೋ ಮಹರಾಯ್ತಿ!"

ಸೀರೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಮುಖಕ್ಕೆ ಒತ್ತಿ, ಜೋರಾಗಿ ಉಸಿರೆಳೆದೆ. ಮತ್ತೊಮ್ಮೆ ಎಳೆದೆ. ನನ್ನ ಮೂಗಿಗೆ ಏನೂ ಹತ್ತಲಿಲ್ಲ.