ಲೂರ್ದಮ್ಮನಿಗೆ ನಾನು ಕೊಟ್ಟ ಕ್ಷಮೆ

ಸಾಯುವ ಹೊತ್ತಿನಲ್ಲಿ ಒಬ್ಬ ಹೆಂಗಸು ನನ್ನ ಕೈ ಹಿಡಿದು ಕ್ಷಮೆ ಕೇಳಿದಳು. ನಾನು ಕ್ಷಮಿಸಿದೆ. ತಪ್ಪು ಮಾಡಿದವಳು ನಾನಾಗಿದ್ದೆ. ಅದು ನನಗೆ ಗೊತ್ತಿತ್ತು — ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು — ಆದರೂ ದೊಡ್ಡ ಮನಸ್ಸಿನವಳ ಹಾಗೆ ಮುಖ ಮಾಡಿಕೊಂಡು ಕ್ಷಮಿಸಿಬಿಟ್ಟೆ.

ಅವಳ ಹೆಸರು ಲೂರ್ದಮ್ಮ. ನನ್ನ ಸೊಸೆ ಸೆಲೀನಾಳ ತಾಯಿ. ಆಲೂರಿನಲ್ಲಿ ಬಟ್ಟೆ ಹೊಲಿದು, ಗಂಡನಿಲ್ಲದೆ ಒಬ್ಬಳೇ ಮಗಳನ್ನು ಸಾಕಿದವಳು. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳುತ್ತೀರಿ. ಅದಕ್ಕೂ ಬರುತ್ತೇನೆ. ಮೊದಲು ನಾನು ಎಂಥವಳೆಂದು ನಿಮಗೆ ಗೊತ್ತಾಗಬೇಕು.

ವನಗೂರಿನ ಕಡೆ ನನ್ನನ್ನು ಜಪದ ಕತ್ರೀನಮ್ಮ ಎಂದೇ ಕರೆಯುತ್ತಾರೆ. ನಮ್ಮ ಯಜಮಾನರು ಅಲ್ಲಿನ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಆಮೇಲೆ ರಸ್ತೆ ಪಕ್ಕ ಎರಡು ಎಕರೆ ಕಾಫಿ ಮಾಡಿಕೊಂಡು ಮನೆ ಕಟ್ಟಿದೆವು. ಸುತ್ತ ಎಲ್ಲ ಗೌಡರ ಮನೆಗಳು, ಕೆಳಗೆ ಆಳುಗಳ ಸಾಲುಮನೆಗಳ ಲೈನ್. ಕ್ರೈಸ್ತರ ಮನೆಗಳೆಂದರೆ ಬೆರಳೆಣಿಕೆ. ಸಂಜೆ ಏಳಕ್ಕೆ ನಮ್ಮ ಮನೆಯಲ್ಲಿ ಜಪ ಶುರುವಾದರೆ ಲೈನಿನ ಮಕ್ಕಳನ್ನು ಅವರಮ್ಮಂದಿರು ಗದರುತ್ತಿದ್ದರು — "ಅಮ್ಮೋರ ಮನೇಲಿ ಜಪ ಆಯ್ತೈತೆ, ಸುಮ್ನಿರ್ರೋ!" ಅದು ಕಿವಿಗೆ ಬಿದ್ದಾಗ ನನಗೆ ಆಗುತ್ತಿದ್ದ ಹೆಮ್ಮೆಯನ್ನು ಭಕ್ತಿ ಅಂದುಕೊಂಡಿದ್ದೆ.

ನಮ್ಮ ಮನೆಯ ಜಪಕ್ಕೆ ಒಂದು ಕ್ರಮವಿತ್ತು. ಯೇಸುವಿನ ತಿರುಹೃದಯದ ಪಟದ ಮುಂದೆ ಚಾಪೆ ಹಾಸಿ ಎಲ್ಲರೂ ಕೂರಬೇಕು. ಮಣಿ ಹಿಡಿದು ಜಪಸರ ಮುಗಿಸಿದ ಮೇಲೆ ಒಬ್ಬೊಬ್ಬರೂ ತಮ್ಮ ಬೇಡಿಕೆಯನ್ನು ಬಾಯಿಬಿಟ್ಟು ಹೇಳಬೇಕು, ಉಳಿದವರು 'ಆಮೆನ್' ಅನ್ನಬೇಕು. ಕೊನೆಗೆ ಚಿಕ್ಕವರು ದೊಡ್ಡವರ ಮುಂದೆ ಕೈ ಜೋಡಿಸಿ "ಸ್ತೋತ್ರ" ಅಂದು ತಲೆ ಬಾಗಿಸುತ್ತಾರೆ, ದೊಡ್ಡವರು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಆಶೀರ್ವಾದ ಮಾಡುತ್ತಾರೆ. ಅದಾದ ಮೇಲೆ ಊಟ. ಜ್ವರ ಬಂದರೂ, ನೆಂಟರು ಬಂದರೂ, ಕಾಫಿ ಕೊಯ್ಲಿನ ಕಾಲದಲ್ಲಿ ಸೊಂಟ ಬಿದ್ದುಹೋಗಿದ್ದರೂ ಇದು ತಪ್ಪಲಿಲ್ಲ. ತಪ್ಪಲು ನಾನು ಬಿಡಲಿಲ್ಲ.

ಆ ಬೇಡಿಕೆಯಲ್ಲಿ ನಾನೊಂದು ಚಾಳಿ ಬೆಳೆಸಿಕೊಂಡಿದ್ದೆ. ಮನೆಯವರಿಗೆ ನೇರ ಹೇಳಲಾಗದ್ದನ್ನು ದೇವರಿಗೆ ಹೇಳುವ ನೆಪದಲ್ಲಿ ಹೇಳುತ್ತಿದ್ದೆ. ಯಜಮಾನರು ಸಂತೆಯಿಂದ ಕುಡಿದು ಬಂದ ದಿನ "ಪ್ರಭುವೇ, ಕುಡಿತಕ್ಕೆ ಬಿದ್ದು ಹೆಂಡತಿಯ ಕಣ್ಣಲ್ಲಿ ನೀರು ಹಾಕಿಸುವವರಿಗೆ ಬುದ್ಧಿ ಕೊಡು" ಅನ್ನುತ್ತಿದ್ದೆ. ಪಾಪ, ಅವರೇ ಎಲ್ಲರಿಗಿಂತ ಜೋರಾಗಿ ಆಮೆನ್ ಅನ್ನುತ್ತಿದ್ದರು. ಮಗ ಜೋಸೆಫ್ ನಗು ತಡೆಯಲಾಗದೆ ಚಾಪೆಗೆ ಮುಖ ಒತ್ತುತ್ತಿದ್ದ. ನಗೆಯ ವಿಷಯವೇ ಆಗಿತ್ತು ಆಗ. ದೇವರ ಮುಂದೆ ಕೂತವರು ಎದುರು ಮಾತಾಡುವುದಿಲ್ಲ ಎಂಬುದನ್ನು ನಾನು ಅಲ್ಲೇ ಕಲಿತೆ — ಕಲಿತು, ಇಟ್ಟುಕೊಂಡೆ.

ಜೋಸೆಫ್‌ಗೆ ಹದಿನೈದು ತುಂಬಿದ ವರ್ಷ ಮಂಗನಬಾವು ಬಂತು. ಕೆನ್ನೆಯ ಬಾವು ಇಳಿಯುವಷ್ಟರಲ್ಲಿ ಕೆಳಗೆ, ಗಂಡುಹುಡುಗರಿಗೆ ಬರಬಾರದ ಜಾಗದಲ್ಲಿ, ಎರಡೂ ಕಡೆ ಊದಿಕೊಂಡಿತು. ಹಾಸನಕ್ಕೆ ಕರೆದುಕೊಂಡು ಹೋದೆವು. ಯಜಮಾನರು ಔಷಧಿ ತರಲು ಹೋಗಿದ್ದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಜೀವಕ್ಕೆ ಏನೂ ಭಯ ಇಲ್ಲಮ್ಮ. ಆದ್ರೆ ಮುಂದೆ ಇವನಿಗೆ ಮಕ್ಕಳಾಗೋದು ಕಷ್ಟ. ಮದುವೆ ಮಾಡೋ ಮೊದಲು ಪರೀಕ್ಷೆ ಮಾಡಿಸ್ಬಿಡಿ." ಯಜಮಾನರು ಬಂದು ಏನಂದರು ಎಂದು ಕೇಳಿದರು. "ವಾಸಿಯಾಗುತ್ತಂತೆ" ಅಂದೆ. ಅಷ್ಟೇ. ಅವರು ಅದನ್ನೇ ನಂಬಿಕೊಂಡು ಬದುಕಿದರು, ಅದನ್ನೇ ನಂಬಿಕೊಂಡು ಹೋದರು.

ಡಾಕ್ಟರು ಕಷ್ಟ ಅಂದರೇ ಹೊರತು ಆಗುವುದೇ ಇಲ್ಲ ಅನ್ನಲಿಲ್ಲವಲ್ಲ — ಈ ಮಾತನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡೆನೋ. ಪರೀಕ್ಷೆ ಮಾಡಿಸಲಿಲ್ಲ. ಮಾಡಿಸಿದರೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾದ ಮೇಲೆ ಯಾವ ಬಾಯಲ್ಲಿ ಹೆಣ್ಣು ಕೇಳಲು ಹೋಗುವುದು…

ಹೆಣ್ಣು ನೋಡಲು ಆಲೂರಿಗೆ ಹೋದಾಗ ಲೂರ್ದಮ್ಮ ಒಳಗೆ ಕರೆದು ಒಂದೇ ಮಾತು ಕೇಳಿದಳು. "ಹುಡುಗನ ಆರೋಗ್ಯ ಹೆಂಗೈತಕ್ಕ?" ತಾಯಿಯಾದವಳು ಕೇಳಲೇಬೇಕಾದ ಮಾತು. "ಒಂದು ನೆಗಡಿ ಬಂದಿದ್ದು ನೋಡಿಲ್ಲ ನಾನು" ಅಂದೆ. ಅವಳು ಕೂಡಲೇ ಸಮಾಧಾನಪಟ್ಟಳು. "ದಿನಾ ಜಪ ಮಾಡೋ ಮನೆ ಅಂತ ಚರ್ಚಿನ ಸ್ವಾಮಿಗಳೇ ಹೇಳವ್ರೆ. ಇನ್ನೇನ್ ವಿಚಾರ್ಸೋದು ನಾನು?" ನಮ್ಮ ಜಪವನ್ನು ನಂಬಿ ಮಗಳನ್ನು ಕೊಟ್ಟಳು.

ಸೆಲೀನಾ ಒಳ್ಳೆಯ ಹುಡುಗಿ. ಮಾತು ಕಡಿಮೆ, ಕೆಲಸ ಹೆಚ್ಚು. ಬಂದ ಮೊದಲ ವಾರವೇ ಪಟದ ಮುಂದಿನ ಬಟ್ಟೆಗೆ ಹೊಸ ಅಂಚು ಹೊಲಿದು ಹಾಕಿದಳು. ವರ್ಷ ಒಂದಾಯಿತು, ಎರಡಾಯಿತು. ನೆಂಟರು ಕೇಳಲು ಶುರುಮಾಡಿದರು, ಅವರ ಕಣ್ಣು ಅವಳ ಹೊಟ್ಟೆಯ ಮೇಲೆ. ಯಾರ ಕಣ್ಣೂ ಜೋಸೆಫ್ ಕಡೆ ತಿರುಗಬಾರದು — ನನಗೆ ಇದ್ದದ್ದು ಅದೊಂದೇ ಚಿಂತೆ. ಒಂದು ಸಂಜೆ ಬೇಡಿಕೆಯ ಹೊತ್ತಿಗೆ ನನ್ನ ಬಾಯಿಂದ ಬಂತು: "ಪ್ರಭುವೇ, ನನ್ನ ಸೊಸೆಯ ಗರ್ಭವನ್ನು ತೆರೆ. ಅವಳ ಕೊರತೆಯನ್ನು ನೀಗಿಸು."

ಯಜಮಾನರು ಆಮೆನ್ ಅಂದರು. ಜೋಸೆಫ್ ಅಂದ. ಸೆಲೀನಾ ತಲೆ ತಗ್ಗಿಸಿಕೊಂಡು, ಸ್ವಲ್ಪ ತಡವಾಗಿ, ಅವಳೂ ಅಂದಳು.

ಅಂದಿನಿಂದ ದಿನಾ ಸಂಜೆ ಅದೇ ಬೇಡಿಕೆ. ಎಷ್ಟೋ ವರ್ಷ. ಕೊರತೆ ಯಾರದೆಂದು ಗೊತ್ತಿದ್ದವಳು ನಾನು, ದೇವರಿಗೆ ಅವಳ ಹೆಸರು ಹೇಳುತ್ತಿದ್ದೆ. ಗೊತ್ತಿಲ್ಲದ ಅವಳು ಆಮೆನ್ ಅನ್ನುತ್ತಿದ್ದಳು. ಆಮೇಲೆ ಬಂದು ತಲೆ ಬಾಗಿಸುತ್ತಿದ್ದಳು, ನಾನು ಅವಳ ಹಣೆಯ ಮೇಲೆ ಶಿಲುಬೆ ಎಳೆಯುತ್ತಿದ್ದೆ. ಅವಳಿಂದ ಉಪವಾಸ ಮಾಡಿಸಿದೆ. ಬರಿಗಾಲಲ್ಲಿ ಹರಕೆ ನಡೆಸಿದೆ. ಹೊಂಗಡಹಳ್ಳದ ಕಡೆಯ ನಾಟಿವೈದ್ಯನ ಕಹಿ ಕಷಾಯ ಕುಡಿಸಿದೆ. ಕುಡಿದು ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ನಾನು ಒಲೆಯ ಮುಂದಿನಿಂದ ಏಳಲಿಲ್ಲ.

ಒಮ್ಮೆ ಜೋಸೆಫ್ ಹೇಳಿದ, "ಇಬ್ರೂ ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬರ್ತೀವಮ್ಮ." "ದೇವ್ರ ಮೇಲೆ ನಂಬಿಕೆ ಇಲ್ಲದೋರು ಹೋಗ್ತಾರೆ" ಅಂದುಬಿಟ್ಟೆ. ಅವನು ಅಮ್ಮನ ಮಾತು ಮೀರುವವನಲ್ಲ. ಇನ್ನೊಮ್ಮೆ ಸೆಲೀನಾ, ಕನ್ಯಾಸ್ತ್ರೀ ಅಮ್ಮಂದಿರ ಮಠದಲ್ಲಿ ತಾಯಿ ಬಿಟ್ಟುಹೋದ ಒಂದು ಹೆಣ್ಣುಮಗು ಇದೆ, ತಂದು ಸಾಕೋಣವೇ ಎಂದು ಕೇಳಿದಳು. ಹಾಗೆ ಕೇಳುವಾಗ ಅವಳ ಮುಖ ಎಷ್ಟು ಬೆಳಗಿತ್ತು! ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸಂಜೆ ಪಟದ ಮುಂದೆ ಕೂತು "ಪ್ರಭುವೇ, ನಿನ್ನ ಚಿತ್ತಕ್ಕೆ ಕಾಯದೆ ಅವಸರಪಡುವವರಿಗೆ ತಾಳ್ಮೆ ಕೊಡು" ಅಂದೆ. ಬೇರೆಯವರ ಮಗು ಮನೆಗೆ ಬಂದರೆ ಊರವರು ಕಾರಣ ಹುಡುಕುತ್ತಾರೆಂಬ ಭಯ ನನಗೆ. ಅವಳು ಆಮೆನ್ ಅಂದಳು. ಆ ಮಗುವಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಲೂರ್ದಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಇನ್ನು ಆಗುವುದಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ ನಾನೂ ನೋಡಲು ಹೋದೆ. ಮಧ್ಯಾಹ್ನ. ಸ್ವಾಮಿಗಳು ಬಂದು ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿ ಹೋಗಿದ್ದರು. ಸೆಲೀನಾ ಮಂಚದ ಕಾಲ ಬಳಿ ಕೂತು ತಾಯಿಯ ಪಾದ ಒತ್ತುತ್ತಿದ್ದಳು. ಮೂಲೆಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಯಾರದೋ ಅರ್ಧ ಹೊಲಿದ ರವಿಕೆ. ಲೂರ್ದಮ್ಮ ನನ್ನ ಕೈ ಹಿಡಿದಳು. ಮೂಳೆ ಮಾತ್ರ ಉಳಿದಿದ್ದ ಕೈ.

"ಅಕ್ಕಾ, ನಿಮ್ ವಂಶ ನಿಂತೋಯ್ತು ನನ್ ಮಗಳಿಂದ. ಗೊತ್ತಿಲ್ದೆ ಕೊಟ್ಬುಟ್ಟೆ ಕಣಕ್ಕ. ಕ್ಷಮಿಸ್ಬುಡಿ. ಅವ್ಳನ್ನ ಮನೆಯಿಂದ ಮಾತ್ರ ಕಳಿಸ್ಬ್ಯಾಡಿ."

ಗೊತ್ತಿಲ್ಲದೆ ಕೊಟ್ಟೆ ಅಂದಳು. ಗೊತ್ತಿದ್ದೇ ತಂದುಕೊಂಡವಳು ನಾನು ಅವಳ ಮುಂದೆ ಕೂತಿದ್ದೆ. ಬಾಗಿ, ಅವಳ ಕಿವಿಯಲ್ಲಿ, ಅವಳೊಬ್ಬಳಿಗೆ ಹೇಳಿದ್ದರೂ ಸಾಕಿತ್ತು — ನಿನ್ನ ಮಗಳಲ್ಲಿ ಕೊರತೆಯಿಲ್ಲ ಲೂರ್ದಮ್ಮ, ಅಂತ. ಅಷ್ಟು ಹೇಳಿದ್ದರೆ… ಹೇಳಲಿಲ್ಲ.

"ಕ್ಷಮಿಸಿದೀನಿ ಲೂರ್ದಮ್ಮ. ಸಮಾಧಾನವಾಗಿರು" ಅಂದೆ.

ಅವಳು ನನ್ನ ಕೈಯನ್ನು ತುಟಿಗೆ ಒತ್ತಿಕೊಂಡಳು. ಸೆಲೀನಾ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಮಾರನೆಯ ದಿನ ಲೂರ್ದಮ್ಮ ಹೋದಳು. ಯಜಮಾನರೂ ಅದಾಗಿ ಎರಡು ವರ್ಷಕ್ಕೆ ಹೋದರು. ಈಸ್ಟರಿಗೆ ಮುಂಚಿನ ಪ್ರತಿ ತಪಸ್ಸುಕಾಲದಲ್ಲಿ ನಾನು ಸ್ವಾಮಿಗಳ ಮುಂದೆ ಪಾಪನಿವೇದನೆಗೆ ಮಂಡಿಯೂರಿದೆ. ಸಿಟ್ಟು ಮಾಡಿದ್ದು, ಚಾಡಿ ಹೇಳಿದ್ದು, ಒಂದು ಶುಕ್ರವಾರ ಮರೆತು ಮಾಂಸ ತಿಂದದ್ದು, ಎಲ್ಲ ಹೇಳಿದೆ. ಇದೊಂದನ್ನು ಬಿಟ್ಟು.

ಹೋದ ಕ್ರಿಸ್ಮಸ್ ಕಳೆದು ಪವಿತ್ರ ಕುಟುಂಬದ ಹಬ್ಬದ ಭಾನುವಾರ. ಚರ್ಚಿನ ಪೂಜೆಯಲ್ಲಿ ಸ್ವಾಮಿಗಳು ನಮ್ಮ ಮನೆಯ ಹೆಸರೆತ್ತಿ, ಪ್ರಾರ್ಥನೆಯನ್ನು ನಡುಮನೆಯಲ್ಲಿ ಇಟ್ಟುಕೊಂಡ ಕುಟುಂಬ ಹೇಗಿರುತ್ತದೆಂದು ನೋಡಿ ಅಂದರು. ಎರಡು ಮಾತು ಹೇಳಮ್ಮ ಎಂದು ಸೆಲೀನಾಳನ್ನು ಮುಂದೆ ಕರೆದರು. ಅವಳ ತಲೆಯೂ ಅರ್ಧ ಬೆಳ್ಳಗಾಗಿದೆ. ಮೈಕಿನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು.

"ಮಕ್ಕಳಾಗದ ನನ್ನನ್ನ ಅತ್ತೆ ಒಂದಿನಾನೂ ಹೊರಗೆ ಹಾಕಲಿಲ್ಲ. ನನಗೋಸ್ಕರ ದಿನಾ ಪ್ರಾರ್ಥನೆ ಮಾಡಿದ್ರು. ನಮ್ಮಮ್ಮನ್ನ ಕ್ಷಮಿಸಿ ಕಳಿಸಿಕೊಟ್ರು. ಅದಕ್ಕೆ ದೇವರಿಗೆ ಸ್ತೋತ್ರ."

ಜನ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಒಬ್ಬಳು ನನ್ನ ಭುಜ ಹಿಡಿದು, "ಪುಣ್ಯವಂತೆ ಕಣ್ರೀ ನಿಮ್ ಸೊಸೆ, ಇಂಥ ಅತ್ತೆ ಸಿಗಾಕೆ" ಅಂದಳು. ಜೀಪಿನಲ್ಲಿ ಮನೆಗೆ ಬರುವಾಗ ದಾರಿಯ ತಿರುವುಗಳಿಗೆ ವಾಂತಿ ಬಂದಂತಾಯಿತು. ಸೆಲೀನಾ ನಿಲ್ಲಿಸಲು ಹೇಳಿ, ನನ್ನ ಬೆನ್ನು ಸವರಿ, ನೀರು ಕುಡಿಸಿದಳು. ಅವಳು ಹಿತ್ತಲಲ್ಲಿ ಕಷಾಯ ಕಕ್ಕುತ್ತಿದ್ದಾಗ ನಾನು ಎದ್ದಿರಲಿಲ್ಲ.

ಆ ಸಂಜೆ ಜಪಸರ ಮುಗಿದು ನನ್ನ ಬೇಡಿಕೆಯ ಸರದಿ ಬಂದಾಗ ನಾನು ಪಟಕ್ಕೆ ಬೆನ್ನು ಮಾಡಿ ಅವರಿಬ್ಬರ ಕಡೆ ತಿರುಗಿ ಕೂತೆ. ದೇವರಿಗೆ ಹೇಳುವ ನೆಪ ಇನ್ನು ಸಾಕಾಗಿತ್ತು. ಮಂಗನಬಾವಿನಿಂದ ಹಿಡಿದು ಲೂರ್ದಮ್ಮನ ಮಂಚದವರೆಗೆ ಎಲ್ಲ ಹೇಳಿದೆ. ಅಳಲಿಲ್ಲ. ಅತ್ತರೆ ಅವಳು ಸಮಾಧಾನ ಮಾಡಲು ಬರುತ್ತಾಳೆಂದು ಗೊತ್ತಿತ್ತು.

ಜೋಸೆಫ್ ಕೈಯಲ್ಲಿದ್ದ ಜಪಸರವನ್ನು ಚಾಪೆಯ ಮೇಲೆ ಇಟ್ಟ. "ನಾನು ಹುಡುಗನಾಗಿದ್ದಾಗ್ಲಿಂದ ಗೊತ್ತಿತ್ತೇನಮ್ಮ ನಿಂಗೆ?" ಅಂದ. ಎದ್ದು ಹೋಗಿ ಅಂಗಳದಲ್ಲಿ ನಿಂತಿದ್ದ ಜೀಪಿನೊಳಗೆ ಕೂತ. ಎಲ್ಲಿಗೂ ಹೋಗಲಿಲ್ಲ, ಸುಮ್ಮನೆ ಕೂತ.

ಸೆಲೀನಾ ಚಾಪೆಯ ಮೇಲಿನ ಜಪಸರಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದಳು. ಬೈಯಬಹುದು, ಹೊಡೆಯಲೂಬಹುದು ಅಂದುಕೊಂಡೆ. ಡಬ್ಬಿಯ ಮುಚ್ಚಳ ಹಾಕಿ ಅವಳು ಅಂದದ್ದು ಒಂದೇ ಮಾತು.

"ನಮ್ಮಮ್ಮ ನಿಮ್ ಕೈಗೆ ಮುತ್ತು ಕೊಟ್ಳು ಅತ್ತೆ."

ಆಮೇಲೆ ತಟ್ಟೆ ಹಾಕಿ ಬಡಿಸಿದಳು. ಯಾರೂ ಉಣ್ಣಲಿಲ್ಲ.

ಎಷ್ಟೋ ದಿನ ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಬಿಸಿನೀರು ಕಾಯಿಸಿದೆ, ಮಾತ್ರೆ ತಗೊಳ್ಳಿ, ಅಷ್ಟು. ಒಂದು ದಿನ ಕಾಫಿ ಒಣಗಿಸುವ ಕಣದಲ್ಲಿ ಪಕ್ಕದಲ್ಲಿ ಬಂದು ನಿಂತಳು. "ಅಷ್ಟು ಜನರ ಮುಂದೆ ನನ್ ಬಾಯಿಂದ ಸುಳ್ಳು ಹೇಳಿಸಿದ್ರಿ ಅತ್ತೆ. ಅದನ್ನ ನೀವೇ ಸರಿಮಾಡಿ" ಅಂದಳು. ನಾನು ಅಲ್ಲೇ ಇದ್ದ ಜೋಸೆಫ್ ಮುಖ ನೋಡಿದೆ. ಹೊರಗೆ ಹೇಳಿದರೆ ಅವನ ಮಾನದ ಪ್ರಶ್ನೆ. ಅವನು ಕಾಫಿಯಲ್ಲಿ ಕೈಯಾಡಿಸುತ್ತಲೇ, "ನನ್ ವಿಷ್ಯಾನೂ ಹೇಳ್ಬಿಡು. ಮುಚ್ಚಿಟ್ಟಿದ್ದು ಸಾಕು" ಅಂದ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ, ಅವಳು ನಿಂತ ಅದೇ ಜಾಗದಲ್ಲಿ ನಿಂತು ಇದನ್ನು ಓದುತ್ತೇನೆ. ನನ್ನ ಸೊಸೆ ಬಂಜೆಯೆಂದು ನೀವು ನಂಬಿದ್ದರೆ, ಹಾಗೆ ನಂಬಿಸಿದವಳು ನಾನು. ಮಗನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬರೆಯಲು ಹೋದೆ, ಹೊಡೆದುಹಾಕಿದೆ. ಅವನಿಗೂ ನಾನು ಒಳ್ಳೆಯದು ಮಾಡಲಿಲ್ಲ. ಆ ಹೆಣ್ಣುಮಗು ಈ ಮನೆಯಲ್ಲಿ ಓಡಾಡಬಹುದಿತ್ತು. ಅವನನ್ನು ಅಪ್ಪ ಅನ್ನಬಹುದಿತ್ತು.

ಮನೆಯಲ್ಲಿ ಈಗಲೂ ಏಳಕ್ಕೆ ಜಪವಿದೆ. ಸೆಲೀನಾ ಬಂದು ಕೂರುತ್ತಾಳೆ. ನನ್ನ ಬೇಡಿಕೆಯನ್ನು ನಾನು ಈಗ ಬಾಯಿಬಿಟ್ಟು ಹೇಳುವುದಿಲ್ಲ. ಮುಗಿದ ಮೇಲೆ ಅವಳು ಎದ್ದು ನೇರ ಅಡುಗೆಮನೆಗೆ ಹೋಗುತ್ತಾಳೆ, ನನ್ನ ಮುಂದೆ ತಲೆ ಬಾಗಿಸುವುದಿಲ್ಲ. ಬಾಗಿಸಿದರೂ ಆ ಹಣೆ ಮುಟ್ಟಲು ನನ್ನ ಕೈ ಏಳಲಾರದು. ಕ್ಷಮಿಸಿದ್ದೇನೆ ಎಂದು ಅವಳು ಇವತ್ತಿನವರೆಗೆ ಹೇಳಿಲ್ಲ. ಹೇಳು ಎಂದು ನಾನು ಕೇಳುವುದೂ ಇಲ್ಲ. ಆ ಮಾತು ಬಾಯಿಂದ ಎಷ್ಟು ಸುಲಭವಾಗಿ ಬರುತ್ತದೆಂದು ನನಗೆ ಗೊತ್ತು.