ಪಕ್ಕದಲ್ಲಿ ಕೂತವನ ಪತ್ರ

ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಊರಿನಲ್ಲಿ ಖಾಲಿಯಿದ್ದದ್ದು ಒಂದೇ ಕೆಲಸ. ಊರಿನ ಮನೆಗಳಿಗೆಲ್ಲ ಬಿಸಿನೀರು ಹರಿಸುವ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುವುದು. ಅದು ಸಿಗದಿದ್ದರೆ ನನ್ನ ಗಂಡ ಔಲಿಸ್ ದೂರದ ಉತ್ತರದ ಲ್ಯಾಪ್‌ಲ್ಯಾಂಡಿನ ಗಣಿಗೆ ಹೋಗಬೇಕು, ಮನೆಗೆ ಬರುವುದು ತಿಂಗಳಿಗೊಮ್ಮೆ. ಈ ವಯಸ್ಸಿನಲ್ಲಿ ಒಬ್ಬಳೇ ಕೂತು ಕಾಫಿ ಕುಡಿಯುವುದನ್ನು ಕಲಿಯುವ ಆಸೆ ನನಗಿರಲಿಲ್ಲ.

ಅರ್ಜಿಯ ಜೊತೆ ಒಂದು ಪತ್ರ ಬೇಕಿತ್ತು, ಈ ಕೆಲಸಕ್ಕೆ ತಾನೇ ಏಕೆ ತಕ್ಕವನು ಎಂದು. ಔಲಿಸ್ ಸಂಜೆಯೆಲ್ಲ ಅಡುಗೆಮನೆಯ ಮೇಜಿಗೆ ಅಂಟಿಕೊಂಡು ಕೂತು ಬರೆದದ್ದಿಷ್ಟು: "ಬಾಯ್ಲರ್ ಕೆಲಸ ಮಾಡಿದ್ದೇನೆ. ದೂರು ಬಂದಿಲ್ಲ."

"ಅಲ್ಲ ಮಾರಾಯ, ಇದೇನು ಅರ್ಜಿನೋ, ಪೊಲೀಸರಿಗೆ ಕೊಟ್ಟ ಹೇಳಿಕೆನೋ?"

"ನನ್ನ ನಾನೇ ಹೊಗಳ್ಕೋಬೇಕಾ? ನಾಚಿಕೆ ಆಗಲ್ವೇನೇ?"

ಇವನೊಬ್ಬನೇ ಅಲ್ಲ, ಇಲ್ಲಿಯ ಗಂಡಸರೆಲ್ಲ ಹೀಗೇ. ಉದ್ಯೋಗ ಕಚೇರಿಯ ತರಗತಿಯಲ್ಲಿ ಅರ್ಜಿ ಬರೆಯುವುದನ್ನು ಕಲಿಸುತ್ತಿದ್ದ ನೂರಾ ಎಂಬ ಹುಡುಗಿಗೂ ಸಾಕುಸಾಕಾಗಿತ್ತು. ಕೊನೆಗೆ ಆಕೆ, "ನಿಮ್ಮ ಬಗ್ಗೆ ಬರೆಯೋಕಾಗಲ್ಲ ಅಂದ್ರೆ ಪಕ್ಕದಲ್ಲಿ ಕೂತವರ ಬಗ್ಗೆ ಬರೀರಿ. ಆಮೇಲೆ ಅದನ್ನೇ ಅವರು ಕಳಿಸ್ಲಿ" ಎಂದಳಂತೆ.

ಔಲಿಸನ ಪಕ್ಕದಲ್ಲಿ ಕೂತಿದ್ದವನು ತಾಯಿಸ್ತೊ, ಕಾರ್ಖಾನೆಯಲ್ಲಿ ಅವನ ಜೊತೆಗಾರ. ಅವನಿಗೂ ಅದೇ ಕೆಲಸ ಬೇಕಿತ್ತು. ನನ್ನ ಗಂಡನ ಪೆನ್ನು ಅವತ್ತು ನಿಲ್ಲಲೇ ಇಲ್ಲ. ಹಿಮಗಾಳಿಯಲ್ಲಿ ಬಾಯ್ಲರ್ ಕೆಟ್ಟಾಗ ಯಾರೂ ಕರೆಯದಿದ್ದರೂ ತಾಯಿಸ್ತೊ ನಡೆದುಕೊಂಡು ಬಂದದ್ದು, ಹೊಸಬರ ತಪ್ಪನ್ನು ಸದ್ದಿಲ್ಲದೆ ಸರಿಮಾಡಿ ಹೋಗುತ್ತಿದ್ದದ್ದು, ಎಲ್ಲವನ್ನೂ ಬರೆದ. ತಾಯಿಸ್ತೊ ಇವನ ಬಗ್ಗೆ ಬರೆದದ್ದು: "ಒಳ್ಳೆಯ ಮನುಷ್ಯ. ಹೊತ್ತಿಗೆ ಸರಿಯಾಗಿ ಬರುತ್ತಾನೆ." ಕಳಿಸುವ ಮುಂಚೆ ಇವನು ಅದರಲ್ಲಿ "ಒಳ್ಳೆಯ" ಎಂಬುದನ್ನೂ ಹೊಡೆದುಹಾಕಿದ!

ಕೆಲಸ ಯಾರಿಗೆ ಸಿಕ್ಕಿತೆಂದು ಹೇಳಬೇಕೆ? ತಾಯಿಸ್ತೊ ಒಂದು ಪೊಟ್ಟಣ ಕಾಫಿಪುಡಿ ಹಿಡಿದು ಬಂದು, ತಲೆ ತಗ್ಗಿಸಿ ಕೂತ.

"ಬೇಡ ಅಂದ್ಬಿಡ್ಲಾ, ಔಲಿಸ್?"

"ಸುಮ್ನಿರೋ. ನಾನು ಬರೆದಿದ್ರಲ್ಲಿ ಸುಳ್ಳೇನಿದೆ?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಇಬ್ಬರಿಗೂ ಕಾಫಿ ಬಗ್ಗಿಸಿದೆ.

ಭಾನುವಾರ ಔಲಿಸ್ ಗಣಿಗೆ ಹೊರಟ. ಅವನ ಚೀಲಕ್ಕೆ ಉಣ್ಣೆಯ ಕಾಲುಚೀಲ ತುಂಬುತ್ತಾ ಇದ್ದವಳಿಗೆ ತಡೆಯಲಾಗಲಿಲ್ಲ.

"ತಾಯಿಸ್ತೊ ಬಗ್ಗೆ ಪುಟಗಟ್ಟಲೆ ಬರೆದೆ. ಇಷ್ಟು ವರ್ಷ ಸಂಸಾರ ಮಾಡಿದೀನಿ, ನನ್ನ ಬಗ್ಗೆ ಒಂದು ಒಳ್ಳೆ ಮಾತು ಯಾವತ್ತಾದ್ರೂ ಬಂದಿದ್ಯಾ ನಿನ್ನ ಬಾಯಲ್ಲಿ?"

ಅವನು ಬಗ್ಗಿ ಬೂಟಿನ ದಾರ ಬಿಗಿದ.

"ನಿನ್ನ ಹೊಗಳಿದ್ರೆ ನನ್ನ ನಾನೇ ಹೊಗಳ್ಕೊಂಡ ಹಾಗಲ್ವೇನೇ?" ಎಂದ. ಆಮೇಲೆ ಚೀಲ ಎತ್ತಿಕೊಂಡು ಬಸ್ಸಿಗೆ ನಡೆದ.